ಅಳಿವೆಯಿಂದ ಅಳಿವೆಗೆ: ಕರಾವಳಿ ಯಾನದ ಪೂರ್ವಸಿದ್ಧತೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಪಶ್ಚಿಮ ಕರಾವಳಿಯ ಇತಿಹಾಸವನ್ನು ಬರೆದವರು ಅಲ್ಲಿಯ ಬಂದರುಗಳನ್ನೂ, ಅವುಗಳಲ್ಲಿ ಇಳಿದ ಕುದುರೆಗಳನ್ನೂ, ಅಲ್ಲಿಂದ ಹೊರಟ ಅಕ್ಕಿ ಮೆಣಸುಗಳನ್ನೂ, ಅವುಗಳಿಗಾಗಿ ಕಾದಾಡಿದ ಅರಸರನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಸಣ್ಣ ದೋಣಿಯೊಂದರ ತಂಡೇಲನು ಯಾವ ತಿಂಗಳಿನಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೊರಡಬೇಕೆಂಬುದನ್ನೂ, ಕತ್ತಲಾಗುವುದರೊಳಗೆ ಎಲ್ಲಿ ಲಂಗರು ಹಾಕಬೇಕೆಂಬುದನ್ನೂ ಹೇಗೆ ನಿಶ್ಚಯಿಸುತ್ತಿದ್ದನೆಂಬ ಪ್ರಶ್ನೆಗೆ ನಮ್ಮ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಈ ಪ್ರಶ್ನೆಯನ್ನು ನಾವು ಇಲ್ಲಿ ಬೇರೊಂದು ದಾರಿಯಿಂದ ಸಮೀಪಿಸಲು ಯತ್ನಿಸಿದ್ದೇವೆ. ಕಾರವಾರದಿಂದ ಮಂಗಳೂರಿನವರೆಗೆ ದಡದ ಅಂಚನ್ನು ಹಿಡಿದು ಇಂದು ಒಂದು ಸಣ್ಣ ಯಂತ್ರದೋಣಿಯಲ್ಲಿ ಹೋಗುವುದಾದರೆ ಅದರ ಯೋಜನೆ ಹೇಗಿರಬೇಕೆಂಬುದನ್ನು ನಕ್ಷೆಯ ಮೇಲೆ ಲೆಕ್ಕಹಾಕಿ, ಆ ಲೆಕ್ಕವನ್ನು ಹಿಂದಿನ ಪ್ರವಾಸಿಗರ ಹೇಳಿಕೆಗಳ ಪಕ್ಕದಲ್ಲಿಟ್ಟು ನೋಡಿದ್ದೇವೆ. ಆ ಯಾನವನ್ನು ನಾವು ಕೈಗೊಂಡಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಯುಕ್ತ. ನಮಗೆ ಬೇಕಾದುದು ಯಾನವಲ್ಲ, ಯೋಜನೆ. ಯೋಜನೆಯೆಂಬುದು ಆಧಾರಗಳ ಮುಂದೆ ನಾವಿಡುವ ಪ್ರಶ್ನಾವಳಿಯೇ ಆಗಿದೆ.

ಮೊದಲನೆಯದು ದೂರದ ಪ್ರಶ್ನೆ. ಕಾರವಾರದಿಂದ ಮಂಗಳೂರಿಗೆ ನೇರವಾಗಿ ಅಳೆದರೆ ಸುಮಾರು ೧೨೫ ನಾವಿಕ ಮೈಲಿ, ಅಂದರೆ ೨೩೦ ಕಿಲೋಮೀಟರು. ಗಂಟೆಗೆ ೬ ನಾವಿಕ ಮೈಲಿ ಸಾಗುವ ದೋಣಿಗೆ ಇದು ೨೧ ಗಂಟೆಗಳ ಹಾದಿ. ಹಗಲಿನಲ್ಲಿ ಮಾತ್ರ ಸಾಗಿ ರಾತ್ರಿ ತಂಗುವುದಾದರೆ ಮೂರು ದಿನ. ಮೊದಲ ದಿನ ಹೊನ್ನಾವರಕ್ಕೆ ೩೬ ಮೈಲಿ, ಎರಡನೆಯ ದಿನ ಗಂಗೊಳ್ಳಿಗೆ ೪೧ ಮೈಲಿ, ಮೂರನೆಯ ದಿನ ಮಲ್ಪೆಯನ್ನೂ ಕಾಪಿನ ದೀಪಸ್ತಂಭವನ್ನೂ ಎಡಕ್ಕೆ ಬಿಟ್ಟು ಮಂಗಳೂರಿಗೆ ೪೮ ಮೈಲಿ. ನಡುವೆ ಅವಘಡವಾದರೆ ಆಶ್ರಯಕ್ಕೆ ತದಡಿ, ಭಟ್ಕಳ, ಹಂಗಾರಕಟ್ಟೆ, ಮಲ್ಪೆಗಳಿವೆ.

ಈ ಪಟ್ಟಿಯನ್ನು ಬರೆದು ಮುಗಿಸಿದಾಗ ಅದು ಹೊಸದಲ್ಲವೆಂಬುದು ನಮ್ಮ ಲಕ್ಷ್ಯಕ್ಕೆ ಬಂತು. ೧೩೪೨ರಲ್ಲಿ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟ ಇಬ್ನ್ ಬತೂತನು ಸಂದಾಬೂರವನ್ನು, ಎಂದರೆ ಗೋವೆಯನ್ನು ದಾಟಿ, ಹಿನಾವರ್, ಅಬೂ ಸರೂರ್, ಫಾಕನೂರ್, ಮಂಜರೂರ್ ಎಂಬ ಸ್ಥಳಗಳನ್ನು ಕ್ರಮವಾಗಿ ಹೇಳುತ್ತಾನೆ. ಇವು ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರುಗಳೆಂಬುದು ವಿದ್ವಾಂಸರಿಗೆ ಸಮ್ಮತವಾದ ವಿಷಯ. ಬಸರೂರು ಗಂಗೊಳ್ಳಿಯ ಅಳಿವೆಯ ಒಳಗಿದೆ. ಬಾರಕೂರು ಹಂಗಾರಕಟ್ಟೆಯ ಅಳಿವೆಯ ಒಳಗಿದೆ. ಹೀಗೆ ಹದಿನಾಲ್ಕನೆಯ ಶತಮಾನದ ಹಾಯಿಹಡಗಿನ ತಂಗುದಾಣಗಳಿಗೂ ಇಂದಿನ ಯಂತ್ರದೋಣಿಯ ತಂಗುದಾಣಗಳಿಗೂ ಬಹುಮಟ್ಟಿನ ಹೊಂದಿಕೆಯಿದೆ. ಇದಕ್ಕೆ ವೇಗವು ಕಾರಣವಲ್ಲ, ನದಿಗಳು ಕಾರಣ. ಕಾರವಾರದ ಕೊಲ್ಲಿಗೆ ದ್ವೀಪಗಳ ಮರೆಯಿದೆ. ಅದರ ದಕ್ಷಿಣದ ದೀರ್ಘವಾದ ತೀರದಲ್ಲಿ ಸಣ್ಣ ದೋಣಿಗೆ ನಿಜವಾದ ಆಶ್ರಯ ದೊರೆಯುವುದು ಹೆಚ್ಚಾಗಿ ನದಿಯೊಂದು ಕಡಲನ್ನು ಸೇರುವೆಡೆಯಲ್ಲಿ.

ಎರಡನೆಯದು ಋತುವಿನ ಪ್ರಶ್ನೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾನ್ಸೂನು ಬೀಸುವಾಗ ಈ ತೀರದಲ್ಲಿ ಸಣ್ಣ ದೋಣಿಯ ದೂರಯಾನವು ಚಿಂತನೆಗೂ ಮೀರಿದುದು. ಹದಿನೈದನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದನು ಸಮುದ್ರವು ಮುಚ್ಚುವ ಕಾಲವನ್ನೂ ತೆರೆಯುವ ಕಾಲವನ್ನೂ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ನಮ್ಮ ಮೊಗವೀರರು ನೂಲ ಹುಣ್ಣಿಮೆಯ ಸಮಯದಲ್ಲಿ ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆಯೂ ಇದೇ ಪಂಚಾಂಗದ ಒಂದು ಪುಟ. ಈಗ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಯಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆ ಅದರ ಉದ್ದೇಶವಾದರೂ, ಅವಧಿಯು ಹಳೆಯ ಮುಚ್ಚುಗಾಲದೊಳಗೇ ಬರುವುದನ್ನು ಗಮನಿಸಬೇಕು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯಿಂದ ಹೊನ್ನಾವರಕ್ಕೆ ಕಡಲಿನ ಮೂಲಕ ಬಂದದ್ದು ೧೬೨೩ರ ಅಕ್ಟೋಬರಿನಲ್ಲಿ, ಎಂದರೆ ಕಡಲು ತೆರೆದ ಮೇಲೆ.

ದಿನದ ಹೊತ್ತನ್ನೂ ಗಾಳಿಯೇ ನಿರ್ಣಯಿಸುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದ ಕಡೆಯಿಂದ ಬೀಸುತ್ತದೆ. ಮಧ್ಯಾಹ್ನದ ನಂತರ ಕಡಲಿನ ಕಡೆಯಿಂದ, ಸಾಮಾನ್ಯವಾಗಿ ವಾಯವ್ಯದಿಂದ ಬೀಸುತ್ತದೆ. ಬೆಳಗಿನ ಜಾವ ನೆಲಗಾಳಿಯಲ್ಲಿ ಹೊರಟು ಕಡಲಗಾಳಿ ಬಲಿಯುವ ಮೊದಲೇ ಒಳಸೇರುವುದು ಪತ್ತೆಮಾರಿ ಮಚ್ವೆಗಳವರಿಗೆ ಹಿತವಾದ ಕ್ರಮ. ಯಂತ್ರದೋಣಿಗೂ ಅದೇ ಹಿತ. ಯಂತ್ರದ ನಿಜವಾದ ಉಪಕಾರವು ಕಂಡುಬರುವುದು ಉತ್ತರಕ್ಕೆ ಹಿಂದಿರುಗುವಾಗ. ೧೬೬೫ರ ಫೆಬ್ರವರಿಯಲ್ಲಿ ಶಿವಾಜಿಯು ಮಾಲವಣದಿಂದ ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆಮಾಡಿ, ಮರಳುವಾಗ ಗೋಕರ್ಣದಲ್ಲಿ ಇಳಿದು, ಅಲ್ಲಿಂದ ಅಂಕೋಲೆ ಕಾರವಾರಗಳಿಗೆ ನೆಲದ ಮೇಲೆ ಸಾಗಿದನು. ಹೆಚ್ಚಿನ ಹಡಗುಗಳನ್ನು ಊರಿಗೆ ಕಳುಹಿಸಿ, ನದಿಗಳನ್ನು ದಾಟಲು ಕೆಲವನ್ನು ಮಾತ್ರ ಉಳಿಸಿಕೊಂಡನು. ಇದಕ್ಕೆ ರಾಜಕೀಯ ಕಾರಣಗಳಿದ್ದಿರಬಹುದು. ಎದುರು ವಾಯವ್ಯ ಗಾಳಿಯೂ ಒಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ. ನೆಲದ ದಾರಿಯಲ್ಲಿ ಹೋಗುವವನಿಗೂ ಅಳಿವೆಗಳು ತಪ್ಪಲಿಲ್ಲವೆಂಬುದಂತೂ ಸ್ಪಷ್ಟ.

ಮೂರನೆಯದೂ ಅತಿ ಮುಖ್ಯವೂ ಆದುದು ಅಳಿವೆಯ ಬಾಗಿಲಿನ ಪ್ರಶ್ನೆ. ನದಿಯು ತಂದ ಮರಳನ್ನು ಕಡಲಿನ ಅಲೆಗಳು ತಡೆದು ಬಾಯಿಯಲ್ಲಿ ದಿಬ್ಬವಾಗಿ ನಿಲ್ಲಿಸುತ್ತವೆ. ಇಳಿತದ ನೀರು ರಭಸದಿಂದ ಹೊರಗೆ ಹರಿಯುತ್ತಿರುವಾಗ ಕಡಲಿನ ಅಲೆ ಅದಕ್ಕೆ ಎದುರಾಗಿ ಬಂದರೆ ದಿಬ್ಬದ ಮೇಲೆ ಕಡಿದಾಗಿ ಎದ್ದು ಒಡೆಯುತ್ತದೆ. ಆದುದರಿಂದ ಉಬ್ಬರವು ಏರುತ್ತಿರುವಾಗ ಒಳನುಗ್ಗಬೇಕು. ಹೊತ್ತು ತಪ್ಪಿದರೆ ಹೊರಗೆಯೇ ಕಾಯಬೇಕು. ಮರಳು ಪ್ರತಿ ಮಳೆಗಾಲದಲ್ಲಿ ಸ್ಥಾನ ಬದಲಿಸುವುದರಿಂದ ಹಳೆಯ ನಕ್ಷೆಯನ್ನು ನಂಬುವಂತಿಲ್ಲ. ಆ ಊರಿನ ದೋಣಿಯವನೊಬ್ಬನ ಮಾತೇ ಪ್ರಮಾಣ. ಇಲ್ಲಿ ಯಂತ್ರವು ಅಪಾಯವನ್ನು ತೊಡೆದುಹಾಕಿಲ್ಲ. ಅದರ ರೂಪವನ್ನು ಬದಲಿಸಿದೆ. ದಿಬ್ಬದ ಮೇಲೆ ಯಂತ್ರ ನಿಂತರೆ ದೋಣಿಯು ಅಲೆಗೆ ಅಡ್ಡಲಾಗಿ ತಿರುಗಿ ಮಗುಚುತ್ತದೆ. ಕೆಲವು ಅಳಿವೆಗಳಿಗೆ ಅಲೆತಡೆಗೋಡೆಗಳಾಗಿದ್ದರೂ ದೋಣಿ ಮಗುಚಿ ಜೀವಹಾನಿಯಾದ ವಾರ್ತೆಗಳನ್ನು ನಾವು ಈಗಲೂ ಓದುತ್ತಿದ್ದೇವೆ.

ಈ ಬೆಳಕಿನಲ್ಲಿ ಪ್ಲಿನಿಯ ಒಂದು ಹೇಳಿಕೆಯನ್ನು ಮತ್ತೊಮ್ಮೆ ಓದಬೇಕು. ಕ್ರಿಸ್ತಶಕ ಒಂದನೆಯ ಶತಮಾನದ ಈ ರೋಮನ್ ಲೇಖಕನು ಮುಜಿರಿಸ್ ಬಂದರು ಅಪೇಕ್ಷಣೀಯವಲ್ಲವೆನ್ನುತ್ತಾನೆ. ನಿತ್ರಿಯಾಸ್ ಎಂಬಲ್ಲಿಯ ಕಡಲುಗಳ್ಳರು ಸಮೀಪದಲ್ಲಿರುವುದು ಒಂದು ಕಾರಣ. ಹಡಗು ನಿಲ್ಲುವ ಸ್ಥಳ ದಡದಿಂದ ದೂರವಾಗಿದ್ದು ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಾಗಿರುವುದು ಇನ್ನೊಂದು. ನಿತ್ರಿಯಾಸ್ ನೇತ್ರಾವತಿಯ ತೀರದ ಮಂಗಳೂರೆಂದು ಹಲವರು ಊಹಿಸಿದ್ದಾರೆ. ನಮ್ಮ ವಿದ್ವಾಂಸರ ಚರ್ಚೆಯೆಲ್ಲ ಈ ಮೊದಲನೆಯ ಕಾರಣದ ಸುತ್ತ ಬೆಳೆದಿದೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಅರ್ಥವತ್ತಾದುದು. ದೊಡ್ಡ ಹಡಗು ಹೊರಗೆ ನಿಲ್ಲುತ್ತದೆ, ಸಣ್ಣ ದೋಣಿ ಒಳಗೆ ಹೋಗುತ್ತದೆ. ಆದುದರಿಂದ ಬಂದರಿನ ಬೀಗದಕೈ ಸಣ್ಣ ದೋಣಿಯವನ ಕೈಯಲ್ಲಿತ್ತು. ಬಸರೂರು, ಬಾರಕೂರುಗಳು ಕಡಲಿಗೆ ಮುಖವೊಡ್ಡದೆ ನದಿಯೊಳಗೆ ಬೆಳೆದು ಸಂಪನ್ನವಾದುದರ ರಹಸ್ಯವೂ ಇದರಲ್ಲಿ ಕೆಲಮಟ್ಟಿಗೆ ಅಡಗಿದೆ.

ಸಾಮಗ್ರಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಹಿಂದಿನವರ ಮೊದಲ ಚಿಂತೆ ಕುಡಿಯುವ ನೀರು. ೧೪೯೮ರಲ್ಲಿ ವಾಸ್ಕೊ ಡ ಗಾಮನು ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿ ಹಡಗನ್ನು ದುರಸ್ತಿಮಾಡಿ ನೀರು ತುಂಬಿಕೊಂಡನು. ಇಂದಿನವರಿಗೆ ನೀರಿನೊಡನೆ ಇಂಧನದ ಚಿಂತೆಯೂ ಸೇರಿದೆ. ಗಂಟೆಗೆ ೫ ಲೀಟರು ಡೀಸೆಲ್ ಬೇಕೆಂದು ಇಟ್ಟುಕೊಂಡರೆ ೨೧ ಗಂಟೆಗೆ ೧೦೫ ಲೀಟರು. ಮೂರನೆಯ ಒಂದು ಭಾಗವು ಆಪತ್ಕಾಲಕ್ಕೆ ಉಳಿಯಬೇಕೆಂದರೆ ಹೊರಡುವಾಗ ೧೫೮ ಲೀಟರು ಇರಬೇಕು.

ಕೊನೆಯದು ಅನುಮತಿ. ಬಂದರನ್ನು ಹಾದುಹೋಗುವ ಹಡಗು ಅಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸಬೇಕೆಂದೂ, ಸಲ್ಲಿಸದೆ ಹೋದರೆ ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ಸುಂಕ ಹೇರುತ್ತಿದ್ದರೆಂದೂ ಇಬ್ನ್ ಬತೂತನು ಬಾರಕೂರಿನ ಪ್ರಸಂಗದಲ್ಲಿ ಹೇಳಿದ್ದಾನೆ. ಪೋರ್ಚುಗೀಸರು ಕಾರ್ತಾಜ್ ಎಂಬ ರಹದಾರಿಯನ್ನು ಕಡ್ಡಾಯಪಡಿಸಿದರು. ಗೋವೆಗೆ ಕನ್ನಡ ಕರಾವಳಿಯ ಅಕ್ಕಿಯನ್ನು ಒಯ್ಯುವ ದೋಣಿಗಳನ್ನು ಕಾಫಿಲಾ ಎಂಬ ಗುಂಪುಗಳಾಗಿ ಕಾವಲಿನೊಡನೆ ನಡೆಸಿದರು. ಇಂದು ಬಂದರು ಇಲಾಖೆಯ ಪತ್ರ ಬೇಕು. ಅಂಜದೀವವು ನೌಕಾದಳದ ವಶದಲ್ಲಿರುವುದರಿಂದ ಗಾಮನು ನೀರು ತುಂಬಿದಲ್ಲಿ ನಮ್ಮ ದೋಣಿ ನಿಲ್ಲುವಂತಿಲ್ಲ. ಕೇಳುವವರು ಬದಲಾಗಿದ್ದಾರೆ, ಕೇಳಿಯೇ ಹೋಗಬೇಕೆಂಬ ನಿಯಮ ಬದಲಾಗಿಲ್ಲ.

ಇಷ್ಟರಿಂದ ನಾವು ತಲುಪುವ ನಿರ್ಣಯ ಮಿತವಾದುದು. ವಿಜಯನಗರ, ಕೆಳದಿ, ಪೋರ್ಚುಗೀಸ್, ಆಂಗ್ಲ ಪ್ರಭುತ್ವಗಳು ಒಂದರ ಹಿಂದೆ ಒಂದು ಬಂದುಹೋದರೂ ತಂಗುದಾಣಗಳ ಸಾಲು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಬಂದರುಗಳ ಏಳುಬೀಳುಗಳನ್ನು ಅರಸರ ಇಚ್ಛೆಯೊಂದರಿಂದಲೇ ವಿವರಿಸುವ ಪದ್ಧತಿ ಅಪೂರ್ಣ. ಅದರೊಡನೆ ಮರಳು, ಉಬ್ಬರ, ಗಾಳಿಗಳ ಲೆಕ್ಕವನ್ನೂ ಇಡಬೇಕು. ಆದರೆ ಆ ಲೆಕ್ಕವು ಶಾಸನಗಳಲ್ಲಿಲ್ಲ, ದಫ್ತರಗಳಲ್ಲಿಲ್ಲ. ಯಾವ ಅಳಿವೆಯನ್ನು ಯಾವ ಗುಡ್ಡವನ್ನು ಗುರುತಿಟ್ಟು ಹೊಗಬೇಕೆಂಬುದನ್ನು ಹಾಯಿಯ ಕಾಲದಲ್ಲಿ ಕಲಿತ ವೃದ್ಧರ ನೆನಪಿನಲ್ಲಿ ಮಾತ್ರ ಅದು ಉಳಿದಿದೆ. ಯಂತ್ರವೂ ಉಪಗ್ರಹವೂ ದಾರಿ ತೋರಿಸುವ ಈ ದಿನಗಳಲ್ಲಿ ಅವರನ್ನು ಕೇಳುವವರು ವಿರಳ. ತಾಮ್ರಪಟವೊಂದು ನೆಲದಡಿಯಲ್ಲಿ ಇನ್ನೂ ನೂರು ವರ್ಷ ಕಾದಿರಬಲ್ಲದು; ತಂಡೇಲನ ನೆನಪು ಕಾಯಲಾರದು. ಊರೂರಿಗೆ ಹೋಗಿ ಅದನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಬರುವ ಮಳೆಗಾಲದಲ್ಲಿಯೇ, ದೋಣಿಗಳು ದಡದಲ್ಲಿದ್ದು ದೋಣಿಯವರಿಗೆ ಬಿಡುವಿರುವಾಗ, ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.