ಗಾಡಿ ‘ಓವರ್’ ಆದ ಕಾಲ

‘ಓವರ್ ಆಗೇತ್ರಿ, ಸುಮ್ನ ಕಿಕ್ ಹೊಡೀಬ್ಯಾಡ್ರಿ.’ ಗದಗ-ಬೆಟಗೇರಿಯ ಗ್ಯಾರೇಜುಗಳಲ್ಲಿ ಈ ಮಾತು ಕೇಳದ ಹಳೆ ಬೈಕ್ ಸವಾರರು ಕಡಿಮೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿ ಶುರು ಮಾಡಿತು. ಮುಂದೆ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಜಾವಾದ ಕಾರ್ಬುರೇಟರ್ ಮೇಲೊಂದು ಗುಂಡಿ. ಎಂಜಿನ್ ತಣ್ಣಗಿದ್ದರೆ ಅದನ್ನು ಒತ್ತಿ ಕಿಕ್ ಹೊಡೆಯಬೇಕು. ಆತುರದಲ್ಲಿ ಹೆಚ್ಚು ಒತ್ತಿದರೆ ಪೆಟ್ರೋಲ್ ಉಕ್ಕಿ ಪ್ಲಗ್ ತೊಯ್ಯುತ್ತಿತ್ತು. ಆಗ ಕಾಕ್ ಬಂದ್ ಮಾಡಿ, ಪ್ಲಗ್ ಬಿಚ್ಚಿ, ಎಕ್ಸಲೇಟರ್ ಪೂರ್ತಿ ತಿರುವಿ ನಾಲ್ಕೈದು ಕಿಕ್. ಒಳಗಿನ ಹಸಿ ಹೊರಬಿದ್ದ ಮೇಲೆ ಒರೆಸಿದ ಪ್ಲಗ್ ಕೂಡಿಸುವುದು. ಪದೇಪದೇ ಹೀಗಾದರೆ ಫ್ಲೋಟ್ ಸೂಜಿಯಲ್ಲಿ ಕಸ ಸಿಕ್ಕಿರಬಹುದು. ಟ್ಯೂನಿಂಗಿಗೆ ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ, ಸುಮಾರು ಒಂದೂವರೆ ಸುತ್ತು ಹೊರಗೆ. ಎಂಜಿನ್ ಬಿಸಿಯಾದ ಮೇಲೆ ಉಳಿದದ್ದೆಲ್ಲ ಕಿವಿಯ ಕೆಲಸ.

ಕಾರ್ಖಾನೆ 1996ರಲ್ಲಿ ಮುಚ್ಚಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಿಗೆ ಇಂಜೆಕ್ಷನ್. ಹೊಗೆ ಇಳಿಯಿತು, ಒಳ್ಳೆಯದೇ. ಆದರೆ ಮುಂಡರಗಿಯ ಹೊಲದ ದಾರಿಯಲ್ಲಿ ಗಾಡಿ ನಿಂತರೆ ಸ್ಕ್ರೂಡ್ರೈವರ್ ಒಂದೇ ಸಾಲದು, ಸ್ಕ್ಯಾನರ್ ಬೇಕು. ಶಿರಹಟ್ಟಿ, ಲಕ್ಷ್ಮೇಶ್ವರದ ಸಣ್ಣ ಗ್ಯಾರೇಜಿನವರು ಅದನ್ನು ಎಲ್ಲಿಂದ ತರಬೇಕು?