ಯಾವ ತಳವಾರ?

"ಹೆಸರೇನಪಾ?"

ಹುಡುಗ ಹೆಸರು ಹೇಳುತ್ತಾನೆ.

"ಅಡ್ಡಹೆಸರು?"

"ತಳವಾರ್ರೀ."

"ತಳವಾರ ಅಂದ್ರ, ಯಾವ ತಳವಾರ?"

ಧಾರವಾಡ, ಗದಗ, ವಿಜಾಪುರ, ಕಲಬುರ್ಗಿ ಕಡೆಯ ಶಾಲೆಗಳಲ್ಲಿ ಓದಿದ ನಮ್ಮ ಪೈಕಿ ಎಷ್ಟು ಜನ ಈ ಮೂರನೆಯ ಪ್ರಶ್ನೆ ಕೇಳಿಸಿಕೊಂಡಿಲ್ಲ? ಪಕ್ಕದಲ್ಲಿ ಕೂತ ಕುಲಕರ್ಣಿಗೆ, ಪಾಟೀಲನಿಗೆ, ದೇಸಾಯಿಗೆ ಎರಡು ಪ್ರಶ್ನೆಗೇ ಮುಗಿಯುತ್ತಿತ್ತು. ಪಾಟೀಲ ಅಂದರೆ ಲಿಂಗಾಯತನಿರಬಹುದು, ಜೈನನಿರಬಹುದು, ಮರಾಠನಿರಬಹುದು. ಯಾರಾದರೇನು, ಚಾಪೆ ಹಾಸಿ ಕೂಡಿಸಬೇಕಾದವನೇ. ತಳವಾರ ಅಂದಾಗ ಮಾತ್ರ ಕೇಳಿದವನ ಕೈ ಅಲ್ಲೇ ನಿಲ್ಲುತ್ತಿತ್ತು. ನೀರಿನ ತಂಬಿಗೆಯನ್ನು ಕೈಗೆ ಕೊಡಬೇಕೋ, ಮೇಲಿಂದ ಬೊಗಸೆಗೆ ಹುಯ್ಯಬೇಕೋ ತಿಳಿಯಬೇಕಲ್ಲ! ತಳವಾರ ಹೊಲೆಯರವನಿರಬಹುದು, ಬೇಡರವನಿರಬಹುದು, ಕಬ್ಬಲಿಗರವನಿರಬಹುದು, ಕುರುಬರವನೂ ಇರಬಹುದು. ಈ ಹೆಸರು ಜಾತಿಯನ್ನು ಹೇಳುವುದಿಲ್ಲ. ನಮ್ಮ ಹಿರಿಯರು ಊರಿಗೆ ಮಾಡಿದ ಕೆಲಸವನ್ನು ಹೇಳುತ್ತದೆ. ಕೆಲಸ ತಿಳಿದರೆ ಕೇಳುವವರಿಗೆ ಸಾಲದು, ಅಷ್ಟೆ.

ಆ ಕೆಲಸ ಎಲ್ಲಿಂದ ಬಂತು, ಅದರ ಜತೆ ಬಂದ ಹೊಲ ಎಲ್ಲಿ ಹೋಯಿತು ಅನ್ನುವುದನ್ನು ನಾವು ಒಮ್ಮೆ ಕೂತು ಲೆಕ್ಕ ಹಾಕಬೇಕಾಗಿದೆ.

ಮೊದಲು ಒಂದು ಮಾತು. ನಮ್ಮ ಹುಡುಗರು ಕೆಲವರು 'ತಲವಾರ್ ಅಂದ್ರೆ ಖಡ್ಗ, ನಾವು ಖಡ್ಗದ ಕುಲದವರು' ಅಂತ ಹೇಳಿಕೊಳ್ಳುತ್ತಾರೆ. ಪಂಜಾಬದ ಖತ್ರಿಗಳಲ್ಲಿ ತಲ್ವಾರ್ ಅನ್ನುವ ಅಡ್ಡಹೆಸರು ಇರುವುದೂ ಅವರಿಗೆ ಗೊತ್ತು. ಅದು ಬೇರೆ, ಇದು ಬೇರೆ. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನಂಟಸ್ತನ ಬೆಳೆಸಲಿಕ್ಕೆ ಆಗುವುದಿಲ್ಲ. ನಮ್ಮ ತಳವಾರನಲ್ಲಿ ಇರುವುದು 'ಳ'.  ಪಂಡಿತರಲ್ಲಿ ಕೆಲವರು 'ಸ್ಥಲ'ದಿಂದ ಬಂತು ಅನ್ನುತ್ತಾರೆ, ಕೆಲವರು 'ತಳ'ದಿಂದ, ಇನ್ನು ಕೆಲವರು 'ತಲೆ'ಯಿಂದ. ತಲೆಯಿಂದಲೋ ತಳದಿಂದಲೋ ಅನ್ನುವ ಜಗಳವನ್ನು ಪಂಡಿತರಿಗೇ ಬಿಡೋಣ. ಊರು ಮಾತ್ರ ತಳವಾರನನ್ನು ತಳದಲ್ಲೇ ಇಟ್ಟಿತು.

ಆದರೆ ಹಿಂದೆ ಹಾಗಿರಲಿಲ್ಲ. ಕೃಷ್ಣಾ ನದಿಯ ದಂಡೆಯ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸರ ಕಾಲದ, ಅಂದರೆ ಕ್ರಿ.ಶ. 3ನೆಯ ಶತಮಾನದ ಪ್ರಾಕೃತ ಶಾಸನಗಳಿವೆ. ಅವುಗಳಲ್ಲಿ 'ಮಹಾತಳವರ' ಎಂಬ ಪದವಿ ಮತ್ತೆ ಮತ್ತೆ ಬರುತ್ತದೆ. ಅರಸ ಚಾಂತಮೂಲನ ಸೋದರಿ ಚಾಂತಿಸಿರಿ ಬೌದ್ಧರ ಮಹಾಚೈತ್ಯಕ್ಕೆ ದಾನ ಮಾಡಿದವಳು. ಅವಳ ಗಂಡ ಮಹಾತಳವರ. ಅದೇ ಅರಸನ ಮಗಳನ್ನು ಕೊಟ್ಟದ್ದೂ ಇನ್ನೊಬ್ಬ ಮಹಾತಳವರನಿಗೆ. ಜೈನರ ಕಲ್ಪಸೂತ್ರದಲ್ಲಿ ಅರಸನ ಸುತ್ತ ನಿಲ್ಲುವ ಅಧಿಕಾರಿಗಳ ಸಾಲಿನಲ್ಲೂ ತಳವರನಿದ್ದಾನೆ.

ಇದನ್ನು ಹೇಳುತ್ತಿರುವುದು ಮೀಸೆ ತಿರುವಲಿಕ್ಕಲ್ಲ. ಇವತ್ತಿನ ತಳವಾರರು ಆ ಮಹಾತಳವರರ ವಂಶದವರು ಎಂದು ನಾವು ಹೇಳುತ್ತಿಲ್ಲ, ಹೇಳಬಾರದು ಕೂಡ. ಶೋಷಿತರೆಲ್ಲ ತಮ್ಮ ಹಿಂದೊಬ್ಬ ರಾಜನನ್ನು ಹುಡುಕುತ್ತ ಹೋದರೆ ಬೆವರು ಸುರಿಸಿದವರ ಚರಿತ್ರೆ ಬರೆಯುವವರು ಯಾರು? ಕಾವಲು ಕಾಯುವ ಅಧಿಕಾರಕ್ಕೆ ಒಂದು ಕಾಲದಲ್ಲಿ ಅರಮನೆಯಲ್ಲಿ ಜಾಗವಿತ್ತು ಅನ್ನುವುದು ಗೊತ್ತಿರಲಿ, ಅಷ್ಟು ಸಾಕು.

ಕನ್ನಡಕ್ಕೆ ಬಂದರೆ ಅವನು 'ತಳಾರ' ಆಗಿದ್ದಾನೆ. ಹಳೆಯ ಗದ್ಯ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯನ್ನು ಕನ್ನಡ ಓದಿದ ವಿದ್ಯಾರ್ಥಿಗಳೆಲ್ಲ ಓದಿರುತ್ತೀರಿ. ಅದರಲ್ಲಿ ಕಳ್ಳನನ್ನು ಹಿಡಿಯಬೇಕಾದ ಯಮದಂಡ ನಗರದ ತಳಾರ. ಅರಸನ ಹಾರ ಕಳುವಾದಾಗ ಅವನಿಗೆ ಆಜ್ಞೆಯಾಗುತ್ತದೆ: ಏಳು ದಿನದಲ್ಲಿ ಕಳ್ಳನನ್ನು ಹಿಡಿದು ತಾ, ಇಲ್ಲವಾದರೆ ಕಳ್ಳನಿಗೆ ಆಗಬೇಕಾದ ಶಿಕ್ಷೆ ನಿನಗೆ. ಮೇಷ್ಟ್ರು ಪಾಠ ಮಾಡುವಾಗ ವಿದ್ಯುಚ್ಚೋರನ ವೈರಾಗ್ಯದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಈ ಒಂದು ಸಾಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ತಳವಾರನ ಬಾಳೇ ಆ ಸಾಲಿನಲ್ಲಿದೆ. ಕದ್ದವನು ಯಾರೋ, ಕಳಕೊಂಡವನು ಯಾರೋ, ಕುತ್ತಿಗೆ ಮಾತ್ರ ತಳಾರನದು.

ಊರಿನ ಮಟ್ಟಕ್ಕೆ ಇಳಿದಾಗ ತಳವಾರನ ಕೈಯಲ್ಲಿ ಒಂದು ಬಡಿಗೆ, ಹೆಗಲ ಮೇಲೊಂದು ಕಂಬಳಿ. ಆಯಗಾರರ ಸಾಲಿನಲ್ಲಿ ಗೌಡ, ಶಾನುಭೋಗರು ಮೇಲೆ. ತಳವಾರ, ತೋಟಿ, ನೀರಗಂಟಿ ಕೆಳಗೆ. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ 'ಐದನೆಯ ವರದಿ'ಯಲ್ಲಿ ಮದರಾಸು ಸೀಮೆಯ ಹಳ್ಳಿಗಳನ್ನು ವರ್ಣಿಸುವಾಗ ಈ ಇಬ್ಬರ ಕೆಲಸವನ್ನೂ ಬೇರೆ ಬೇರೆ ಮಾಡಿ ಬರೆದಿದ್ದಾರೆ. ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಒಂದು ಊರಿನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಮುಟ್ಟಿಸುವುದು ತಳವಾರನದು. ಬೆಳೆ ಕಾಯುವುದು, ಅಳತೆಗೆ ನೆರವಾಗುವುದು ತೋಟಿಯದು. ವರದಿಯಲ್ಲಿ ಇರುವುದು ಇಷ್ಟೇ. ಇಲ್ಲದ್ದನ್ನು ನಮ್ಮ ಅಜ್ಜಂದಿರು ಹೇಳುತ್ತಾರೆ: ಚಾವಡಿ ಗುಡಿಸುವುದು, ಸಾಹೇಬರು ಬಂದರೆ ಕುದುರೆಗೆ ಹುಲ್ಲು ತರುವುದು, ಕಂದಾಯದ ಗಂಟು ಹೊತ್ತು ತಾಲೂಕಿಗೆ ನಡೆಯುವುದು, ಬಾಕಿದಾರನನ್ನು ಚಾವಡಿಗೆ ಕರೆತರುವುದು, ಅನಾಥ ಹೆಣ ಬಿದ್ದರೆ ಪೊಲೀಸರು ಬರುವತನಕ ರಾತ್ರಿಯಿಡೀ ಹೆಣದ ಪಕ್ಕ ಕೂತಿರುವುದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಂದಿಷ್ಟು ಕಾಳು, ಒಂದಿಷ್ಟು ಸಿವುಡು. ಅದರ ಜತೆಗೆ ಊರ ಕಡೆಯಿಂದ ಒಂದು ತುಂಡು ಇನಾಮು ಹೊಲ. ಅದೇ ತಳವಾರಕಿ ಹೊಲ.

ಈ ಕೆಲಸ ಒಂದೇ ಜಾತಿಯದಾಗಿರಲಿಲ್ಲ. ಒಂದು ಊರಲ್ಲಿ ಬೇಡರು, ಇನ್ನೊಂದರಲ್ಲಿ ಹೊಲೆಯರು, ಭೀಮಾ ನದಿಯ ಆಸುಪಾಸಿನಲ್ಲಿ ಕಬ್ಬಲಿಗರು. ಇಂಥದೇ ಇನ್ನೊಂದು ಊಳಿಗ ಶೇತಸನದಿಯದು. ಸನದು ಪಡೆದು ಹೊಲ ಉಂಡು, ಊರು ಕಾಯುವವನು. ಸಂಗೊಳ್ಳಿ ರಾಯಣ್ಣ ಇಂಥ ಶೇತಸನದಿ, ಕುರುಬರ ಮನೆಯವನು. ಕಂಪನಿ ಸರಕಾರ ಈ ಹೊಲಗಳ ಮೇಲೆ ಕೈಯಿಟ್ಟ ಕಾಲದಲ್ಲೇ ಅವನು ದಂಗೆ ಎದ್ದ, ಸರಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಪ್ರತಿಮೆಗೆ ಹೂಮಾಲೆ ಹಾಕುವ ದೊಡ್ಡವರು ಅವನ ಹೊಲದ ಮಾತನ್ನು ಆಡುವುದು ಕಡಿಮೆ. ಸನದಿ, ವಾಲೀಕಾರ, ಹಳಬ, ಬಾರಿಕೇರ ಇವೆಲ್ಲ ಇವತ್ತು ಅಡ್ಡಹೆಸರುಗಳೇ. ಇವೆಲ್ಲ ತಳವಾರನ ಓರಗೆಯವು.

ಹಾಗಾದರೆ ಹುದ್ದೆ ಅಡ್ಡಹೆಸರಾಗಿ ಅಂಟಿದ್ದು ಯಾವಾಗ? ಬೆಳಗಾವಿ, ಧಾರವಾಡ, ವಿಜಾಪುರ ಮುಂಬೈ ಪ್ರಾಂತ್ಯದಲ್ಲಿದ್ದವು. 1874ರಲ್ಲಿ ಮುಂಬೈ ಸರಕಾರ ವಂಶಪಾರಂಪರ್ಯ ಹುದ್ದೆಗಳ ಕಾನೂನು ಮಾಡಿತು. ಜನ ಕರೆಯುವುದು ವತನ್ ಕಾಯ್ದೆ ಅಂತ. ಯಾವ ಮನೆತನ ಯಾವ ಊಳಿಗಕ್ಕೆ, ಯಾವ ಹೊಲ ಯಾವ ಮನೆತನಕ್ಕೆ ಅನ್ನುವುದೆಲ್ಲ ದಫ್ತರಿನಲ್ಲಿ ನಿಂತಿತು. ಅಷ್ಟೇ ಅಲ್ಲ, ಪಾಟೀಲ, ಕುಲಕರ್ಣಿಗಳು ಒಂದು ಕಡೆ, ಉಳಿದವರು 'ಕೆಳದರ್ಜೆ' ಎಂದು ಇನ್ನೊಂದು ಕಡೆ. ಮನು ಬರೆದದ್ದನ್ನು ಮಸಿಕುಡಿಕೆಯಲ್ಲಿ ಅದ್ದಿ ಬಿಳಿಯ ಸಾಹೇಬ ಇನ್ನೊಮ್ಮೆ ಬರೆದ! ಆಮೇಲೆ ಶಾಲೆ ಬಂತು, ಕೋರ್ಟು ಬಂತು, ಪಲ್ಟನ್ನು ಬಂತು. ಆ ಪ್ರಾಂತ್ಯದ ರೂಢಿಯಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಮೂರನೆಯದಾಗಿ ಅಡ್ಡಹೆಸರು ಇರಲೇಬೇಕು. ಶಾಲೆಗೆ ಮೊದಲ ಸಲ ಕಾಲಿಟ್ಟ ಹುಡುಗನ ಅಪ್ಪನಿಗೆ ಅಡ್ಡಹೆಸರು ಅಂದರೇನು ಗೊತ್ತು? ಮೇಷ್ಟ್ರು ಅವನ ಕೈಯ ಬಡಿಗೆ ನೋಡಿ ತಳವಾರ ಎಂದು ಬರೆದುಕೊಂಡರು.

ಹಳೆ ಮೈಸೂರಿನಲ್ಲಿ ಹಾಗಾಗಲಿಲ್ಲ. ಅಲ್ಲಿಯೂ ತಳವಾರರಿದ್ದರು, ತೋಟಿಗಳಿದ್ದರು, ಬಿಟ್ಟಿಚಾಕರಿ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಆದರೆ ಹೆಸರಿನ ಮುಂದೆ ಊರಿನ, ಅಪ್ಪನ ಮೊದಲಕ್ಷರ ಹಾಕುವ ರೂಢಿ ಇದ್ದದ್ದರಿಂದ ಹುದ್ದೆ ಹೆಸರಿಗೆ ಅಂಟಲಿಲ್ಲ. ಹೀಗಾಗಿ ತುಂಗಭದ್ರೆಯ ಆಚೆ, ಬೆಳಗಾವಿಯಿಂದ ರಾಯಚೂರು, ಯಾದಗಿರಿಯವರೆಗೆ ಊರೂರಿಗೂ ತಳವಾರರ ಮನೆ ಸಿಗುತ್ತದೆ. ಮಂಡ್ಯ, ಹಾಸನದ ಹಾಜರಿ ಪುಸ್ತಕದಲ್ಲಿ ಈ ಹೆಸರು ಕಾಣುವುದು ಅಪರೂಪ. ರಾಯಲಸೀಮೆಯಲ್ಲಿ ತಲಾರಿ ಅನ್ನುವುದು ಮನೆತನದ ಹೆಸರಾಗಿದೆ. ತಮಿಳರಲ್ಲಿ ತಲೈಯಾರಿ ಹುದ್ದೆಯಾಗಿಯೇ ಉಳಿದಿದೆ. ಮರಾಠಿಯಲ್ಲಿ ಮಹಾರರ ತರಾಳ ಇದ್ದಾನಲ್ಲ, ಅವನ ಪಾಡೂ ಇದೇ. ಶಂಕರರಾವ್ ಖರಾತರ ಆತ್ಮಕಥೆಯ ಹೆಸರಿನಲ್ಲೇ ಆ ತರಾಳ ಇದ್ದಾನೆ, ಅವರ ತಂದೆ ಆ ಚಾಕರಿ ಮಾಡಿದವರು.

ಈ ವತನ ಜಮೀನು ಉಂಬಳಿಯಲ್ಲ, ಬೇಡಿ ಅನ್ನುವುದನ್ನು ಮೊದಲು ಸಭೆಯಲ್ಲಿ ಎದ್ದು ನಿಂತು ವಾದಿಸಿದವರು ಬಾಬಾಸಾಹೇಬರು. 1928ರ ಮಾರ್ಚ್‌ನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಒಂದು ತುಂಡು ಹೊಲಕ್ಕಾಗಿ ಮನೆ ಮಂದಿಯೆಲ್ಲ ಹಗಲು ರಾತ್ರಿ ಸರಕಾರದ, ಊರಿನ ಕರೆಗೆ ಓಡಬೇಕು, ಸಂಬಳವೆನ್ನುವುದು ಹೆಸರಿಗಷ್ಟೆ. ಹೊಲಕ್ಕೆ ಕಂದಾಯ ಕಟ್ಟಿ ಬಿಡುಗಡೆಯಾಗುವ ದಾರಿ ಇರಲಿ ಎಂದು ಅವರು ಕೇಳಿದರು. ಅವರ ಕಣ್ಣ ಮುಂದೆ ಇದ್ದವರು ಮಹಾರರು, ಆದರೆ ಬೆಳಗಾವಿ, ವಿಜಾಪುರದ ಹೊಲಗೇರಿಗಳೂ ಅದೇ ಕಾಯ್ದೆಯ ಕೆಳಗಿದ್ದವು. ಮಸೂದೆ ಪಾಸಾಗಲಿಲ್ಲ. 1929ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಏಕೀಕರಣದ ಮೇಲೆ ಆಗಿನ ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಒಂದೇ ದಿನ ಪಟೇಲನೂ ಹೋದ, ಶಾನುಭೋಗನೂ ಹೋದ, ತಳವಾರ, ತೋಟಿ, ನೀರಗಂಟಿಯೂ ಹೋದರು. ವಂಶಪಾರಂಪರ್ಯ ಹುದ್ದೆಯವರು ಕೋರ್ಟಿಗೆ ಹೋದರು. 1966ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು. ಆದರೆ ಎಲ್ಲರೂ ಒಂದೇ ಎತ್ತರದಿಂದ ಇಳಿಯಲಿಲ್ಲವಲ್ಲ! ಪಟೇಲನ ಹುದ್ದೆ ಹೋದರೂ ವಾಡೆ ಇತ್ತು, ಕುಲಕರ್ಣಿಯ ಹುದ್ದೆ ಹೋದರೂ ಅಕ್ಷರ ಇತ್ತು. ತಳವಾರನ ಕೈಯಲ್ಲಿ ಇದ್ದದ್ದು ಆ ತುಂಡು ಹೊಲ ಮಾತ್ರ. ಕಾನೂನಿನ ಪ್ರಕಾರ ಹೊಲ ಮೊದಲು ಸರಕಾರಕ್ಕೆ ಸೇರಿ, ಆಮೇಲೆ ಅರ್ಜಿ ಹಾಕಿ ಹಣ ಕಟ್ಟಿದವರಿಗೆ ಮರುಮಂಜೂರಾಗಬೇಕು. ಅರ್ಜಿ ಬರೆಯುವವನು ಯಾರು? ಹಣ ಯಾರು ಕೊಡುತ್ತಾರೆ? ಕೊಟ್ಟವನು ಸುಮ್ಮನೆ ಕೊಟ್ಟಾನೆಯೇ? ಎಷ್ಟೋ ಊರುಗಳಲ್ಲಿ ಮರುಮಂಜೂರಾತಿ ಕಾಗದ ತಳವಾರನ ಹೆಸರಿಗೆ ಬರುವ ಹೊತ್ತಿಗೆ ಹೊಲ ಗೌಡರ ಕೈಯಲ್ಲಿತ್ತು.

ಇನ್ನು 1978. ಈ ವರ್ಷವನ್ನು ನಮ್ಮ ಕಾರ್ಯಕರ್ತರು ಸರಿಯಾಗಿ ನೆನಪಿಟ್ಟುಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಪರಭಾರೆ ಮಾಡುವುದನ್ನು ತಡೆಯುವ ಕಾನೂನು ಬಂದದ್ದು ಆಗಲೇ. ಪಿ.ಟಿ.ಸಿ.ಎಲ್. ಅನ್ನುತ್ತಾರಲ್ಲ, ಅದು. ಮಾರಿಹೋದ ಭೂಮಿಯನ್ನೂ ಬಿಡಿಸಿಕೊಡುವ ಕಾನೂನು. ದಲಿತರ ಕೈಗೆ ಸಿಕ್ಕ ದೊಡ್ಡ ಅಸ್ತ್ರ ಎಂದು ಹಳ್ಳಿಹಳ್ಳಿಯಲ್ಲಿ ಹೇಳಿದೆವು. 1984ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಎಂಬ ತಿದ್ದುಪಡಿಯೂ ಬಂತು. ಆದರೆ 'ಮಂಜೂರಾದ ಭೂಮಿ' ಎಂದರೇನು ಎಂದು ಹೇಳುವ ಕಲಮನ್ನು ಓದಿ ನೋಡಿ. ಭೂಸುಧಾರಣೆಯಲ್ಲಿ ಬಂದದ್ದು ಸೇರುತ್ತದೆ, ಇನಾಮು ರದ್ದತಿಯಲ್ಲಿ ಬಂದದ್ದು ಸೇರುತ್ತದೆ, ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು! ತಳವಾರಕಿ ಹೊಲ, ತೋಟಿ ಹೊಲ ಅಷ್ಟರಲ್ಲೇ ಹೊರಗೆ ಬಿತ್ತು. ದಲಿತ ಗೇಯ್ದು ಪಡೆದ ಅತ್ಯಂತ ಹಳೆಯ ಹೊಲಕ್ಕೇ ಆ ಕಾನೂನಿನ ನೆರಳಿಲ್ಲ. ಅದೇ 1978ರ ಆಗಸ್ಟ್ 7ರಿಂದ ಗ್ರಾಮ ಹುದ್ದೆಗಳ ಕಾನೂನಿಗೇ ಬೇರೆ ತಿದ್ದುಪಡಿ ಮಾಡಿ, ಮರುಮಂಜೂರಾದ ಹೊಲವನ್ನು 15 ವರ್ಷ ಮಾರಬಾರದು ಎಂದರು. ಅದಕ್ಕೂ ಮೊದಲಿನ 15 ವರ್ಷ ಇಂಥ ಬಿಗಿ ಇರಲಿಲ್ಲ. ಹೋಗಬೇಕಾದ್ದು ಆಗಲೇ ಹೋಗಿತ್ತು.

ಇತ್ತೀಚಿನ ಕಥೆ ಬೇರೆ ಥರದ್ದು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದವು. 2020ರಲ್ಲಿ ಅದೇ ಸಾಲಿಗೆ ಪರಿವಾರ, ತಳವಾರ ಎಂಬ ಎರಡು ಹೆಸರು ಸೇರಿದವು. ಬೇಡರ ತಳವಾರರಿಗೆ ಇದು ನ್ಯಾಯ. ಹುದ್ದೆಯ ಹೆಸರಿನ ಹಿಂದೆ ಅವರ ಜಾತಿ ಮರೆಯಾಗಿ ಎಷ್ಟೋ ಮಕ್ಕಳು ಸೌಲಭ್ಯ ಕಳಕೊಂಡಿದ್ದರು. ಆದರೆ ಕೆಲಸದ ಹೆಸರನ್ನು ಕುಲದ ಹೆಸರಿನ ಪಟ್ಟಿಗೆ ಬರೆದ ಮೇಲೆ ತಹಶೀಲ್ದಾರರ ಕಚೇರಿಯಲ್ಲಿ ಮತ್ತೆ ಅದೇ ಮೂರನೆಯ ಪ್ರಶ್ನೆ: ಯಾವ ತಳವಾರ? ಕಲಬುರ್ಗಿ, ವಿಜಾಪುರಗಳಲ್ಲಿ ಪ್ರಮಾಣಪತ್ರಕ್ಕಾಗಿ ಜನ ಬೀದಿಗಿಳಿದರು, ಕೊಡಬಾರದೆಂದು ಇನ್ನೊಂದು ಗುಂಪು ಇಳಿಯಿತು. ಒಂದೇ ಬಡಿಗೆ ಹಿಡಿದು ಒಂದೇ ಚಾವಡಿಯ ಕಟ್ಟೆಯ ಕೆಳಗೆ ಕೂತವರ ಮೊಮ್ಮಕ್ಕಳು ಎದುರುಬದುರಾದರು. ಪಾಟೀಲರು ಮಾಳಿಗೆಯ ಮೇಲೆ ನಿಂತು ನೋಡಿದರು.

ಚಾಕರಿಯಾದರೂ ಮುಗಿಯಿತೇ ಅಂದರೆ ಅದೂ ಇಲ್ಲ. ಗ್ರಾಮ ಆಡಳಿತ ಅಧಿಕಾರಿಗಳ ಹಿಂದೆ ಕಡತ ಹಿಡಿದು ನಡೆಯುವ ಗ್ರಾಮ ಸಹಾಯಕ ಇದ್ದಾನಲ್ಲ, ಬಹಳ ಊರುಗಳಲ್ಲಿ ಅವನು ಹಳೆಯ ತಳವಾರನ, ತೋಟಿಯ ಮನೆಯವನೇ. ಅವನಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹೆಸರು ನೋಡಿ!

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ, ರಜೆಗೆ ಊರಿಗೆ ಹೋಗುವ ಹಾಸ್ಟೆಲ್ ಗೆಳೆಯರಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮೂರಲ್ಲಿ ತಳವಾರಕಿ ಹೊಲ ಯಾವುದು ಎಂದು ಹಿರಿಯರನ್ನು ಕೇಳಿ. ಕಣ್ಣು ಮುಚ್ಚಿಕೊಂಡು ಕೈ ತೋರಿಸುತ್ತಾರೆ, ಬಾಂದುಗಲ್ಲು ಎಲ್ಲಿತ್ತು ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ಸರ್ವೆ ನಂಬರು ಬರೆದುಕೊಳ್ಳಿ. 1963ರ ಉತಾರ ತೆಗೆಸಿ, ಮರುಮಂಜೂರಾತಿ ಆದೇಶ ಯಾರ ಹೆಸರಿಗೆ, ಯಾವ ತಾರೀಖಿಗೆ ಆಗಿದೆ ನೋಡಿ, ಅದರ ಪಕ್ಕದಲ್ಲಿ ಇವತ್ತಿನ ಉತಾರ ಇಟ್ಟು ಓದಿ. ಓದಿದ್ದನ್ನು ನಮಗೂ ಬರೆದು ಕಳಿಸಿ.