ಮನೆಗೊಂದು ಹಣ: ಶಾಸನಗಳು ಕಲಿಸುವ ದಾನವಿಧಿ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷತೆ ಬರುತ್ತದೆಂದು ನಿರೂಪಿಸುತ್ತದೆ. ದಾತೃವಿನ ಔದಾರ್ಯ, ದ್ರವ್ಯದ ಶುದ್ಧಿ, ಪಾತ್ರದ ಯೋಗ್ಯತೆ ಇವುಗಳನ್ನು ಕುರಿತು ಸಮಾಜದಲ್ಲಿ ಸಾಕಷ್ಟು ವಿಚಾರ ನಡೆದಿದೆ. ವಿಧಿಯೆಂದರೆ ಮುಖ್ಯವಾಗಿ ಮುನಿಗಳಿಗೆ ಆಹಾರದಾನ ಮಾಡುವಾಗ ಅನುಸರಿಸಬೇಕಾದ ಕ್ರಮ. ಆದರೆ ಹಲವರ ದ್ರವ್ಯವನ್ನು ಕೂಡಿಸಿ, ಕಾಯ್ದು, ವಿನಿಯೋಗಿಸುವ ಸಂಸ್ಥೆಗೂ ಒಂದು ವಿಧಿ ಅವಶ್ಯವಲ್ಲವೆ?

ಈ ಪ್ರಶ್ನೆ ಇಂದು ಹೊಸದಾಗಿ ಎದ್ದಿದೆ. 2016ರಲ್ಲಿ ಯುಪಿಐ ಪಾವತಿ ಆರಂಭವಾದ ಮೇಲೆ ದಾನ ಸಂಗ್ರಹದ ಬಗೆಯೇ ಬದಲಾಯಿತು. ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನೌಕರನೊಬ್ಬನು ತನ್ನೂರಿನ ಬಸದಿಗೋ, ದೂರದ ವಿದ್ಯಾರ್ಥಿನಿಲಯಕ್ಕೋ ಮೊಬೈಲಿನಿಂದ ಕ್ಷಣಮಾತ್ರದಲ್ಲಿ ನೂರು ರೂಪಾಯಿ ಕಳುಹಿಸಬಲ್ಲನು. ಆದರೆ ಕೊಟ್ಟವನ ಮುಖ ಪಡೆದವನಿಗೆ ಕಾಣದು. ಕೊಟ್ಟದ್ದು ಏನಾಯಿತೆಂಬುದು ಕೊಟ್ಟವನಿಗೆ ತಿಳಿಯದು. ಈ ಅಂತರವನ್ನು ತುಂಬುವ ಬಗೆಯನ್ನು ಕನ್ನಡ ನಾಡಿನ ಜೈನ ಶಾಸನಗಳು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟಿವೆ.

ಪಿಲ್ಲಗುಂಪೆಯ ಸುತ್ತಣ ನೆಲ ಒಮ್ಮೆ ಗಂಗರ ಆಳ್ವಿಕೆಗೆ ಸೇರಿತ್ತು. ಗಂಗರ ಮಾನ್ಯಪುರವೇ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದ್ದನ್ನೂ ಅದಕ್ಕೆ ದತ್ತಿ ಬಿಟ್ಟದ್ದನ್ನೂ 797ರ ತಾಮ್ರಶಾಸನ ತಿಳಿಸುತ್ತದೆ. ಇದು ರಾಜಾಶ್ರಯದ ಕಾಲದ ದಾನ. ಕೊಡುವವರು ಕೆಲವರು, ಕೊಡುವುದು ಭೂಮಿ. ಇಂಥ ದತ್ತಿಯನ್ನು ದಾಖಲಿಸಲು ಕೆಲವು ತಾಮ್ರದ ಹಲಗೆಗಳು ಸಾಕು.

ಸಾಮಾನ್ಯ ಗೃಹಸ್ಥರು ಕೂಡಿ ಕೊಟ್ಟ ದಾನದ ಕಥೆಗೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟದ 1973ರ ಪರಿಷ್ಕೃತ ಆವೃತ್ತಿಯಲ್ಲಿ ಈ ಕ್ಷೇತ್ರದ 573 ಶಾಸನಗಳಿವೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಮೊಸಳೆಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಗೊಮ್ಮಟದೇವರ ಸುತ್ತಾಲಯದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳನ್ನು ಮಾಡಿಸಿದನು. ಅವುಗಳ ಅಷ್ಟವಿಧಾರ್ಚನೆಗಾಗಿ ಮೊಸಳೆಯ ವರ್ತಕರು ವರ್ಷಂಪ್ರತಿ ಇಂತಿಷ್ಟು ಕೊಡುವೆವೆಂದು ಒಪ್ಪಿ ಬರೆಯಿಸಿದರು. ಬಿಂಬ ಪ್ರತಿಷ್ಠೆಯಾದರೆ ಸಾಲದು, ನಿತ್ಯಪೂಜೆಗೆ ಆದಾಯ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಹದಿಮೂರನೆಯ ಶತಮಾನದ ಕಿರುಶಾಸನಗಳಲ್ಲಿ ಕೆಲವೇ ಗದ್ಯಾಣಗಳ ದತ್ತಿಗಳಿವೆ. ಮೂಲಧನ ಉಳಿಯಬೇಕು, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಂತಿಷ್ಟು ಮಾನ ಹಾಲು ನಡೆಯಬೇಕು. ದಾನ ಸಣ್ಣದು, ಆದರೂ ದಾನಿಯ ಹೆಸರು, ಮೊತ್ತ, ಉದ್ದೇಶಗಳು ಕಲ್ಲಿನ ಮೇಲೆ ಸ್ಥಾನ ಪಡೆದವು.

ಈ ಪರಂಪರೆಯ ಅತಿ ಮಹತ್ತ್ವದ ದಾಖಲೆಯೆಂದರೆ ಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ ದೊರೆಯು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ಪ್ರಸಂಗ ಸರ್ವವಿದಿತ. ಆದರೆ ಅದೇ ಶಾಸನದ ಮುಂದಿನ ಭಾಗದಲ್ಲಿ ಧನಸಂಗ್ರಹದ ಒಂದು ಪೂರ್ಣ ಯೋಜನೆಯೇ ಇರುವುದನ್ನು ಗಮನಿಸುವವರು ವಿರಳ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕದ್ದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ. ಕಲ್ಲೇಹದ ಬುಸುವಿಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನಹ ಮಾಡಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ್ದಕ್ಕಾಗಿ ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಕಲ್ಲೇಹವೆಂದರೆ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ; ಈ ನಿರ್ಣಯದ ಶಾಸನ ಅಲ್ಲಿಯೂ ದೊರೆತಿದೆ.

ಇಲ್ಲಿ ನಾಲ್ಕು ಅಂಶಗಳು ವಿಚಾರಾರ್ಹ. ಮೊದಲನೆಯದಾಗಿ, ಕಾಣಿಕೆ ಮನೆಗೆ ಒಂದೇ ಹಣ; ಆದ್ದರಿಂದ ಧನಿಕನ ಮಾತಿಗೆ ಬಡವನ ಮಾತಿಗಿಂತ ಹೆಚ್ಚು ತೂಕ ಬರುವಂತಿಲ್ಲ. ಎರಡನೆಯದಾಗಿ, ಎತ್ತುವವನು ಯಾರೆಂಬುದು ಬಹಿರಂಗ; ಮೇಲಾಗಿ ಅವನು ಅನ್ಯ ಸಮಯದವನು, ಆ ಹಣದಿಂದ ತನಗಾಗಬೇಕಾದ ಲಾಭವಿಲ್ಲದವನು. ಮೂರನೆಯದಾಗಿ, ಉದ್ದೇಶವಷ್ಟೇ ಅಲ್ಲ, ಉಳಿದ ಹಣದ ಗತಿಯೂ ಮೊದಲೇ ನಿಶ್ಚಿತ. ಜಗಳಗಳು ಹುಟ್ಟುವುದು ಬಹುಮಟ್ಟಿಗೆ ಈ ಉಳಿಕೆಯ ಹಣದಲ್ಲಿಯೇ. ನಾಲ್ಕನೆಯದಾಗಿ, ಕರಾರನ್ನು ಕೊಟ್ಟವರು ನಿಂತು ಓದಬಹುದಾದ ಸ್ಥಳದಲ್ಲಿ ನಿಲ್ಲಿಸಲಾಯಿತು.

ಇಂದಿನ ಸಣ್ಣ ಟ್ರಸ್ಟುಗಳಿಗೆ ಈ ನಾಲ್ಕೂ ಅನ್ವಯಿಸುತ್ತವೆ. 2021-22ರ ಆರ್ಥಿಕ ವರ್ಷದಿಂದ, ದಾನಿಗಳಿಗೆ ತೆರಿಗೆ ರಿಯಾಯಿತಿ ದೊರಕಿಸುವ ಸಂಸ್ಥೆಗಳು ದಾನಿಗಳ ವಿವರವನ್ನು ಪ್ರತಿವರ್ಷ ಇಲಾಖೆಗೆ ಸಲ್ಲಿಸಿ ಅವರಿಗೆ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಬಂದಿತು. ಇದು ಸರ್ಕಾರಕ್ಕೆ ಒಪ್ಪಿಸುವ ಲೆಕ್ಕ. ದಾನಿಗೆ ಒಪ್ಪಿಸಬೇಕಾದ ಲೆಕ್ಕ ಬೇರೆಯೇ ಇದೆ. ಛಾವಣಿಯ ದುರಸ್ತಿಗೆಂದು ಬಂದ ಹಣ ಉತ್ಸವಕ್ಕೆ ವ್ಯಯವಾಗಬಾರದು. ಗುರಿಗಿಂತ ಹೆಚ್ಚು ಬಂದರೆ ಏನು ಮಾಡಲಾಗುವುದೆಂದು ಮನವಿಯಲ್ಲಿಯೇ ತಿಳಿಸಬೇಕು. ಹಣ ಸಂಗ್ರಹಿಸಿಕೊಡುವ ಮಧ್ಯವರ್ತಿ ಕಂಪನಿಯು ಪಡೆಯುವ ಶುಲ್ಕವನ್ನೂ ಮರೆಮಾಚಬಾರದು. ಕೆಲಸ ಮುಗಿದಾಗ ನೂರು ರೂಪಾಯಿ ಕೊಟ್ಟವನಿಗೂ ಒಂದು ಒಕ್ಕಣೆ ಹೋಗಬೇಕು. ಮತ್ತೆ ಕೇಳಲಿಕ್ಕಾಗಿ ಮಾತ್ರವೇ ದಾನಿಯನ್ನು ನೆನೆಯುವುದು ಲೋಭದ ಇನ್ನೊಂದು ರೂಪ.

ಗುಪ್ತದಾನವನ್ನು ಬಯಸುವ ಶ್ರಾವಕನ ಹೆಸರು ಲೆಕ್ಕದ ಪುಸ್ತಕದಲ್ಲಿರಬೇಕೇ ಹೊರತು ಫಲಕದ ಮೇಲಲ್ಲ. ಹಿಂದೆ ಹೆಸರು ಕಲ್ಲಿನಲ್ಲಿ ಉಳಿಯುವುದು ಗೌರವವಾಗಿತ್ತು. ಇಂದು ದಾನಿಯ ಹೆಸರು, ದೂರವಾಣಿ ಸಂಖ್ಯೆ ಪರರ ಕೈಸೇರಿದರೆ ಅದು ಉಪದ್ರವ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಇಲ್ಲದಿದ್ದರೂ ಅನ್ಯರದನ್ನು ಅವರ ಅನುಮತಿಯಿಲ್ಲದೆ ಬಳಸಬಾರದೆಂದು ಅಚೌರ್ಯಾಣುವ್ರತವೇ ಎಚ್ಚರಿಸುತ್ತದೆ.

ಆಚಂದ್ರಾರ್ಕವಾಗಿ ನಡೆಯಲೆಂದು ಬಿಟ್ಟ ದತ್ತಿಗಳ ಗದ್ಯಾಣ ಇಂದು ಚಲಾವಣೆಯಲ್ಲಿಲ್ಲ. ಮನೆಗೊಂದರಂತೆ ಎತ್ತಿದ ಹಣವೂ ಇಲ್ಲ. ನಾಣ್ಯ ಅಳಿದರೂ ಯಾರು, ಎಷ್ಟು, ಏತಕ್ಕಾಗಿ ಕೊಟ್ಟರೆಂಬುದು ಅಳಿದಿಲ್ಲ. ದೇವದ್ರವ್ಯವನ್ನು ಕಾಯುವವರಿಗೆ ತಿಜೋರಿಯಷ್ಟೇ ಮುಖ್ಯವಾದುದು ಲೆಕ್ಕದ ಪುಸ್ತಕ. ಅದನ್ನು ತೆರೆದು ತೋರಿಸಲು ಹಿಂಜರಿಯದ ಟ್ರಸ್ಟಿಗೆ ದಾನಿಗಳ ಕೊರತೆಯಾಗದು.